ಗುಂಡಮ್ಮನ ಪಾಲಿನ ಬಿಸಿಲು

"ಊರಿನ ಹೆಸರಲ್ಲೇ ಕೆರೆ ಇದೆ. ಹೋಗಿ ಬಿಟ್ಟು ಬಾ, ಪುಣ್ಯ ಬರುತ್ತೆ." ಹೊಳಲ್ಕೆರೆಯ ನಮ್ಮ ಮನೆಗೆ ಬಂದವರು ಗುಂಡಮ್ಮನನ್ನು ನೋಡಿದ ಮೇಲೆ ಹೇಳೋ ಮಾತು ಹೆಚ್ಚುಕಮ್ಮಿ ಇದೇ. ಗುಂಡಮ್ಮ ಅಂದರೆ ನಮ್ಮನೆ ಆಮೆ. ಅದರ ಹಿಂಗಾಲು ಎರಡೂ ಆಡೋದಿಲ್ಲ. ಬೆನ್ನ ಮೇಲಿನ ಚಿಪ್ಪು ನಡುವೆ ತಗ್ಗಾಗಿ, ಅಂಚು ಮೇಲಕ್ಕೆ ಮಡಚಿಕೊಂಡಿದೆ.

ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್. ಮೂರು ವರ್ಷದ ಹಿಂದೆ ಪಕ್ಕದ ಫ್ಲ್ಯಾಟಿನವರು ಊರು ಬಿಡುವಾಗ ಇದನ್ನು ನನ್ನ ಕೈಗೆ ಕೊಟ್ಟು ಹೋದರು. ಅಂಗಡಿಯಿಂದ ತಂದಾಗ ಅಂಗೈಯಲ್ಲಿ ನಾಣ್ಯದ ಹಾಗೆ ಕೂರುತ್ತಿತ್ತಂತೆ. ಬೆಳೆದದ್ದೆಲ್ಲ ಹಾಲ್‌ನ ಮೂಲೆಯ ಗಾಜಿನ ಬಟ್ಟಲಲ್ಲಿ. ಊಟಕ್ಕೆ ಒಣ ಸೀಗಡಿ, ಬೆಳಕಿಗೆ ಟ್ಯೂಬ್‌ಲೈಟ್.

ಜಾತಿ ರೆಡ್ ಇಯರ್ಡ್ ಸ್ಲೈಡರ್. ಕಣ್ಣಿನ ಹಿಂದೆ ಕೆಂಪು ಪಟ್ಟಿ ಇರುತ್ತೆ. ತವರು ಅಮೆರಿಕದ ಮಿಸಿಸಿಪ್ಪಿ ನದಿಯ ಸೀಮೆ. ನಮ್ಮ ದೇಶದ ನಕ್ಷತ್ರ ಆಮೆಯನ್ನು ಮನೆಯಲ್ಲಿ ಸಾಕೋದು ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ. ಈ ಪರದೇಶಿಯನ್ನು ಮಾತ್ರ ಅಕ್ವೇರಿಯಂ ಅಂಗಡಿಗಳಲ್ಲಿ ಮಾರುತ್ತಾರೆ.

ಆಮೆಗಳನ್ನು ನೋಡುವ ವೈದ್ಯರೊಬ್ಬರು ಬೆಂಗಳೂರಿನಲ್ಲಿ ಎಕ್ಸ್‌ರೇ ತೆಗೆದು ವಿವರಿಸಿದರು. ಚಿಪ್ಪು ಅಂದರೆ ಮೈಮೇಲೆ ಮುಚ್ಚಿದ ಡಬ್ಬಿಯಲ್ಲ, ಬೆನ್ನುಮೂಳೆ ಮತ್ತು ಪಕ್ಕೆಲುಬುಗಳು ಅದರಲ್ಲೇ ಬೆಸೆದುಕೊಂಡಿರುತ್ತವೆ. ಬಿಸಿಲಿನ ಯುವಿಬಿ ಕಿರಣ ಚರ್ಮಕ್ಕೆ ತಾಗಿದರೆ ವಿಟಮಿನ್ ಡಿ3 ತಯಾರಾಗುತ್ತೆ. ಅದಿಲ್ಲದಿದ್ದರೆ ತಿಂದ ಆಹಾರದ ಕ್ಯಾಲ್ಸಿಯಂ ಮೈಗೆ ಹತ್ತೋದಿಲ್ಲ. ಆಗ ದೇಹ ಮೂಳೆಯಿಂದಲೇ ಕ್ಯಾಲ್ಸಿಯಂ ಎಳೆದುಕೊಳ್ಳುತ್ತೆ, ಚಿಪ್ಪು ಮೆತ್ತಗಾಗಿ ಬಾಗುತ್ತೆ. ಗುಂಡಮ್ಮನಿಗೆ ಚಿಪ್ಪಿನ ಜೊತೆ ಬೆನ್ನುಮೂಳೆಯೂ ಬಾಗಿತ್ತು. "ಡೊಂಕು ನೇರ ಆಗಲ್ಲ. ಮುಂದೆ ಕೆಡದ ಹಾಗೆ ನೋಡ್ಕೊಬಹುದು, ಅಷ್ಟೇ" ಅಂದರು.

ಮನೆಯಿಂದಲೇ ಕೆಲಸ ಮಾಡಲು ಅವಕಾಶವಿದ್ದದ್ದರಿಂದ ಗುಂಡಮ್ಮನ ಜೊತೆ ಊರಿಗೆ ಬಂದೆ. ಅದರ ಕಾಲು ಸರಿಯಾಗೋದಿಲ್ಲ ಅಂದ ಮೇಲೆ ಬದಲಾಗಬೇಕಾದದ್ದು ಅದರ ಮನೆ. ಆಮೆ ನೀರಲ್ಲಿದ್ದರೂ ಉಸಿರಾಡೋದು ಗಾಳಿಯನ್ನೇ, ಮೇಲೆ ಬರಲಾಗದಿದ್ದರೆ ಮುಳುಗಿ ಸಾಯುತ್ತೆ. ಹಾಗಾಗಿ ಕತ್ತು ಚಾಚಿದರೆ ಮೂಗು ನೀರಿನಿಂದ ಹೊರಗೆ ಬರುವಷ್ಟೇ ನೀರು. ಮೇಲೆ ಹತ್ತಿ ಮೈ ಒಣಗಿಸಿಕೊಳ್ಳಲು ಇಳಿಜಾರಾದ ಹಲಗೆ. ಕಲ್ಲಿಟ್ಟರೆ ತೆವಳಿ ತೆವಳಿ ಹೊಟ್ಟೆಯ ಕೆಳಗೆ ಗಾಯವಾಗುತ್ತೆ ಅಂತ ಹಲಗೆಗೆ ಪ್ಲಾಸ್ಟಿಕ್ ಹುಲ್ಲಿನ ಮ್ಯಾಟ್ ಹೊದಿಸಿದೆ. ಊಟಕ್ಕೆ ಪೆಲೆಟ್ ಜೊತೆ ನುಗ್ಗೆಸೊಪ್ಪು, ದಾಸವಾಳದ ಎಲೆ. ಪಾಲಕ್ ಕೊಡಲ್ಲ, ಅದರಲ್ಲಿರುವ ಆಕ್ಸಲೇಟ್ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತೆ. ನೀರೊಳಗಿದ್ದರೇ ಇದಕ್ಕೆ ನುಂಗಲು ಆಗೋದು, ಆದ್ದರಿಂದ ಊಟವೂ ಟಬ್‌ನಲ್ಲೇ. ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯೋದು ಕಡ್ಡಾಯ, ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು.

ಬಿಸಿಲಿಗೆ ಹೊಳಲ್ಕೆರೆಯಲ್ಲಿ ಬರವಿಲ್ಲ. ಆದರೆ ಕಿಟಕಿಯ ಗಾಜಿನ ಹಿಂದೆ ಇಟ್ಟರೆ ಪ್ರಯೋಜನವಿಲ್ಲ, ಗಾಜು ಯುವಿಬಿಯನ್ನು ತಡೆಯುತ್ತೆ. ಅಂಗಳಕ್ಕೇ ಒಯ್ಯಬೇಕು. ಅರ್ಧ ಟಬ್ ನೆರಳಲ್ಲಿರಬೇಕು, ಕಾಗೆ ಕುಕ್ಕದಂತೆ ಮೇಲೆ ಬಲೆ ಕಟ್ಟಬೇಕು, ಒಬ್ಬರು ಪಕ್ಕದಲ್ಲಿ ಕೂತಿರಬೇಕು.

ಆ ಒಬ್ಬರು ಈಗ ನಮ್ಮಮ್ಮ. ಮೊದಲು "ಇಶ್ಶೀ" ಅಂತ ದೂರ ಹೋಗುತ್ತಿದ್ದವರು. ಅಮ್ಮನಿಗೆ ಮೂರು ವರ್ಷದಿಂದ ಮಂಡಿನೋವು. ಅವರ ಡಾಕ್ಟರೂ ಕ್ಯಾಲ್ಸಿಯಂ, ಡಿ3 ಮಾತ್ರೆ ಬರೆದು, ದಿನಾ ಸ್ವಲ್ಪ ಹೊತ್ತು ಬಿಸಿಲಲ್ಲಿ ಕೂತ್ಕೊಳ್ಳಿ ಅಂದಿದ್ದರು. "ಕೆಲಸ ಬಿಟ್ಟು ಬಿಸಿಲು ಕಾಯಿಸ್ಕೊಂಡು ಕೂರೋಕೆ ನನಗೇನು ಹುಚ್ಚಾ?" ಅನ್ನೋರು. ಈಗ ಗುಂಡಮ್ಮನ ನೆಪದಲ್ಲಿ ದಿನಾ ಬೆಳಗ್ಗೆ ಸೊಪ್ಪು ಬಿಡಿಸಿಕೊಂಡು ಅಂಗಳದಲ್ಲಿ ಅರ್ಧ ಗಂಟೆ ಕೂರುತ್ತಾರೆ.

ಕಳೆದ ತಿಂಗಳು ವಾರದಲ್ಲಿ ಐದೂ ದಿನ ಆಫೀಸಿಗೆ ಬರಬೇಕು ಅಂತ ಆದೇಶ ಬಂತು. ಬೆಂಗಳೂರಿನ ನನ್ನ ರೂಮಿಗೆ ಬಿಸಿಲೇ ಬೀಳೋದಿಲ್ಲ. ಯುವಿಬಿ ಬಲ್ಬ್ ಹಾಕಬಹುದು. ಆದರೆ ಅದು ಉರಿಯುತ್ತಿದ್ದರೂ ತಿಂಗಳುಗಳು ಕಳೆದಂತೆ ಕಿರಣ ಕ್ಷೀಣಿಸುತ್ತೆ, ಆಗಾಗ ಬದಲಿಸಬೇಕು. ಅಲ್ಲದೆ ಇಡೀ ದಿನ ನೋಡಿಕೊಳ್ಳೋರು ಯಾರು? ಟಬ್ ಎತ್ತಿ ಇಳಿಸೋದು ಅಮ್ಮನ ಮಂಡಿಗೆ ಆಗದ ಮಾತು. ಹಾಗಂತ ಕೆರೆಗೆ ಬಿಡೋ ಹಾಗಿಲ್ಲ. ಹಿಂಗಾಲಿಲ್ಲದ ಗುಂಡಮ್ಮ ಅಲ್ಲಿ ಬದುಕೋದಿಲ್ಲ. ಗಟ್ಟಿಮುಟ್ಟಾದ ಸ್ಲೈಡರ್ ಬಿಟ್ಟರೆ ನಮ್ಮ ಕೆರೆಯ ಆಮೆಗಳಿಗೆ ಕಂಟಕ, ಅವುಗಳ ಆಹಾರ, ಬಿಸಿಲಿಗೆ ಕೂರುವ ಜಾಗ ಎರಡನ್ನೂ ಕಿತ್ತುಕೊಳ್ಳುತ್ತೆ. ಜಗತ್ತಿನ ಅತಿ ಕೆಟ್ಟ 100 ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಇದರ ಹೆಸರೂ ಇದೆ.

ಕೊನೆಗೆ ಅಮ್ಮನೇ ತೀರ್ಮಾನ ಮಾಡಿದರು: "ಇಲ್ಲೇ ಇರಲಿ. ಎತ್ತದ ಹಾಗೆ ಏನಾದ್ರೂ ಮಾಡಿಕೊಡು." ಟಬ್‌ಗೆ ಚಕ್ರದ ಸ್ಟ್ಯಾಂಡ್, ನೀರು ಬಿಡಲು ತಳದಲ್ಲೊಂದು ನಲ್ಲಿ ಹಾಕಿಸಿದೆ. ಬಾಗಿಲ ಹೊಸ್ತಿಲಿಗೆ ಇಳಿಜಾರು ಮಾಡಿಸಿದೆ. ಅದು ಅಮ್ಮನಿಗೂ ಅನುಕೂಲವಾಯ್ತು.

ಸ್ಲೈಡರ್‌ಗಳು ಚೆನ್ನಾಗಿ ನೋಡಿಕೊಂಡರೆ 20, 30 ವರ್ಷ ಬಾಳುತ್ತವೆ. ಅಂಗಡಿಯಲ್ಲಿ ನಾಣ್ಯದಷ್ಟು ಮರಿ ನೋಡಿ ಮಕ್ಕಳು ಹಟ ಹಿಡಿದಾಗ ಈ ಲೆಕ್ಕ ಹಾಕಿ ನೋಡಿ. ನನಗೀಗ ಮೂವತ್ತು. ಮದುವೆ ಮಾತು ನಡೀತಿದೆ. ಬಂದ ಸಂಬಂಧಗಳಿಗೆಲ್ಲ ಅಮ್ಮ ನನ್ನ ಸಂಬಳಕ್ಕಿಂತ ಮೊದಲು ಹೇಳೋದು, "ಒಂದು ಆಮೆ ಇದೆ, ಕಾಲು ಬರಲ್ಲ. ನಾಳೆ ನನ್ನ ಕೈಲಾಗದೇ ಹೋದ್ರೆ ನಿಮ್ಮನೆಗೆ ಬರುತ್ತೆ."