ಕಿವಿಗೆ ಒಂದೇ, ಕಣ್ಣಿಗೆ ಬೇರೆ

ಹಲ್ಲಿ ಬೇರೆ, ಹಳ್ಳಿ ಬೇರೆ. ಹಾಲು ಬೇರೆ, ಹಾಳು ಬೇರೆ. ಕನ್ನಡದಲ್ಲಿ ಈ ವ್ಯತ್ಯಾಸ ನಾಲಿಗೆಯಲ್ಲೇ ಗೊತ್ತಾಗುತ್ತದೆ. ಸರಿಯಾಗಿ ಅಂದರೆ ಸರಿಯಾಗಿ ಬರೆಯಬಹುದು. ಇಂಗ್ಲಿಷ್ ಹಾಗಲ್ಲ. ಅದರ ಕೆಲವು ಪದಗಳು ಕಿವಿಗೆ ಅವಳಿ ಮಕ್ಕಳಂತೆ ಒಂದೇ, ಬರೆಯಲು ಕೂತರೆ ಬೇರೆ. "ಅಷ್ಟಕ್ಕೆಲ್ಲಾ ಯಾಕೆ ತಲೆ ಕೆಡಿಸ್ಕೋತೀಯೇ?" ಅಂತ ಗೆಳತಿಯರು ಕೇಳುತ್ತಾರೆ. ಅವರಿಗಾಗಿಯೇ ಈ ಲೇಖನ.

ಮೊದಲು 'ಫ್ಲವರ್' ನೋಡಿ. ಒಂದು ಹೂವು, ಇನ್ನೊಂದು ಹಿಟ್ಟು. ಹಿಂದೆ ಇವೆರಡೂ ಒಂದೇ ಪದ! ಗೋಧಿಯ ಉತ್ತಮ ಭಾಗವನ್ನು ಅದರ 'ಹೂವು' ಅನ್ನುತ್ತಿದ್ದರು. 1755ರಲ್ಲಿ ಬಂದ ಜಾನ್ಸನ್‌ನ ನಿಘಂಟಿನಲ್ಲೂ ಇವು ಬೇರೆಯಾಗಿರಲಿಲ್ಲ. ಈಗ 'ಓ ಯು' ಇದ್ದರೆ ಹಿಟ್ಟು, 'ಓ ಡಬ್ಲ್ಯು' ಇದ್ದರೆ ಹೂವು.

'ಸ್ಟೇಷನರಿ'ಯದೂ ಇದೇ ಕಥೆ. ಹಿಂದೆ ಅಲ್ಲಿ ಊರೂರು ಹೊತ್ತು ಮಾರುವವರು ಇದ್ದರು. ಒಂದೇ ಜಾಗದಲ್ಲಿ ಅಂಗಡಿ ಇಟ್ಟು ಪುಸ್ತಕ ಮಾರುವವನಿಗೆ 'ಸ್ಟೇಷನರ್' ಎಂದರು. ಅವನಿಂದ ಕಾಗದ, ಲೇಖನಿಗೆ ಆ ಹೆಸರು ಬಂತು. ಕೊನೆಯಲ್ಲಿ 'ಇ ಆರ್ ವೈ' ಬಂದರೆ ಕಾಗದ, ಪೆನ್ನು. 'ಎ ಆರ್ ವೈ' ಬಂದರೆ ನಿಂತಲ್ಲೇ ನಿಂತಿರುವುದು. ಎನ್ವಲಪ್‌ನ 'ಇ' ನೆನಪಿಟ್ಟರೆ ಸಾಕು.

ಇನ್ನು 'ಪ್ರಿನ್ಸಿಪಲ್'. ಹೋದ ವರ್ಷ ನಮ್ಮ ಮನೆಗೆ ಬ್ಯಾಂಕಿನಿಂದ ಇಂಗ್ಲಿಷ್ ಕಾಗದ ಬಂತು. ಪಕ್ಕದ ಮನೆಯ ಅಣ್ಣ ನೋಡಿ, "ಪ್ರಿನ್ಸಿಪಲ್ ಅಂತ ಐತೆ, ಯಾವ್ದೋ ಕಾಲೇಜಿಂದು, ನಿಮ್ದಲ್ಲ ಬಿಡಿ" ಅಂದರು. ನಾನು ಓದಿದೆ. ಅಲ್ಲಿ ಪ್ರಿನ್ಸಿಪಲ್ ಅಂದರೆ ಸಾಲದ ಅಸಲು. ಪಾಠದಲ್ಲಿ ಆಸಕ್ತಿ ಎಂದು ಕಲಿತ 'ಇಂಟರೆಸ್ಟ್' ಅಲ್ಲಿ ಬಡ್ಡಿ. 'ಡ್ಯೂ' ಅಂದರೆ ಇಬ್ಬನಿಯೂ ಹೌದು, ಆದರೆ 'ಡಿ ಯು ಇ' ಎಂದು ಬರೆದರೆ ಬಾಕಿ.

ಅಸಲು 40,000 ರೂಪಾಯಿ ಹಾಗೇ ಇತ್ತು.

"ಹಂಗಾದ್ರೆ ಎರಡು ವರ್ಷ ನಾನು ಕಟ್ಟಿದ್ದು?" ಅಪ್ಪ ಕೇಳಿದರು.

"ಅದೆಲ್ಲಾ ಬಡ್ಡಿಗೇ ಹೋಗೈತೆ ಅಪ್ಪ."

ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ. ಮಾರನೇ ದಿನ ಬ್ಯಾಂಕಿಗೆ ಹೋಗಿ, ಅಸಲು ಇಳಿಯಬೇಕಾದರೆ ಎಷ್ಟು ಕಟ್ಟಬೇಕು ಅಂತ ಕೇಳಿ, ಚೀಟಿಯಲ್ಲಿ ಬರೆಸಿಕೊಂಡು ಬಂದರು.

ಇದಕ್ಕೆ ನಾನೇ ಒಂದು ಉಪಾಯ ಮಾಡಿಕೊಂಡಿದ್ದೇನೆ. ಕೊನೆಯಲ್ಲಿ 'ಎ ಎಲ್' ಇದ್ದರೆ ಅಸಲು, ಇಲ್ಲವೇ ಅಧ್ಯಾಪಕರ ಮುಖ್ಯಸ್ಥರು. ಎರಡಕ್ಕೂ 'ಅ' ಮೊದಲು! 'ಎಲ್ ಇ' ಇದ್ದರೆ ತತ್ವ, ನಿಯಮ.

'ಅಫೆಕ್ಟ್', 'ಎಫೆಕ್ಟ್' ಕೂಡ ಹೀಗೇ. ಅಕ್ಷರಮಾಲೆಯಲ್ಲಿ 'ಎ' ಮೊದಲು, 'ಇ' ಆಮೇಲೆ. ಅಕಾಲದ ಮಳೆ ರಾಗಿಯನ್ನು ಮೊದಲು ಅಫೆಕ್ಟ್ ಮಾಡುತ್ತದೆ. ಇಳುವರಿ ಕಡಿಮೆಯಾಗುವುದು ಅದರ ಎಫೆಕ್ಟ್.

ಸ್ನೇಹಿತರೇ, ಬರೀ ಪದ ಬಾಯಿಪಾಠ ಮಾಡಿದರೆ ಮರೆತುಹೋಗುತ್ತದೆ. ಒಂದೊಂದು ಜೋಡಿಗೂ ನಮ್ಮ ಹೊಲ, ಮನೆ, ಅಂಗಡಿಯ ಒಂದೊಂದು ವಾಕ್ಯ ಬರೆದುಕೊಳ್ಳಿ. ಪರೀಕ್ಷೆಯಲ್ಲಿ ತಪ್ಪಿದರೆ ಒಂದು ಅಂಕ ಹೋಗುತ್ತದೆ ಅಷ್ಟೆ. ಮನೆಗೆ ಬರುವ ಕಾಗದ ಹಾಗಲ್ಲ. ಅದನ್ನು ಹಿರಿಯರು ಓದಲು ಕೊಡುವುದು ನಮ್ಮ ಕೈಗೇ.

— ವಿದ್ಯಾರ್ಥಿನಿ, 10ನೇ ತರಗತಿ