ತೋಟದಾಚೆಯಿಂದ ಕೇಳುತ್ತಿದ್ದ ವಾಲಗ

ನಮ್ಮ ಮನೆಯ ಚಾವಡಿಯಲ್ಲಿ ಗೋಡೆ ಗಡಿಯಾರ ಇತ್ತು. ಆದರೆ ಅಜ್ಜಿ ದೀಪ ಹಚ್ಚುತ್ತಿದ್ದದ್ದು ಗಡಿಯಾರ ನೋಡಿ ಅಲ್ಲ, ವಾಲಗ ಕೇಳಿ. ಬೆಳ್ಳಾರೆಯಿಂದ ನಿಂತಿಕಲ್ಲಿಗೆ ಹೋಗುವ ದಾರಿಯಲ್ಲಿ, ಗುಡ್ಡದ ಮಗ್ಗುಲಿಗೆ ನಮ್ಮ ಮನೆ. ಕೆಳಗೆ ಅಡಿಕೆ ತೋಟ, ತೋಟದ ಬುಡಕ್ಕೆ ತೋಡು, ತೋಡಿನಾಚೆ ಗದ್ದೆ, ಗದ್ದೆಯ ತುದಿಗೆ ಊರ ದೇವಸ್ಥಾನ. ಮುಸ್ಸಂಜೆ ಅಲ್ಲಿ ಸೇರಿಗಾರರ ನಾಗಸ್ವರ ಎದ್ದರೆ ಅಷ್ಟನ್ನೂ ದಾಟಿ ನಮ್ಮ ಜಗಲಿಗೆ ಬರುತ್ತಿತ್ತು. ಮೈಕಿನ ಹಂಗಿರಲಿಲ್ಲ. ತೋಟದಲ್ಲಿ ಹಾಳೆ ಹೆಕ್ಕುತ್ತಿದ್ದವರು ಸೊಂಟ ನೆಟ್ಟಗೆ ಮಾಡುತ್ತಿದ್ದರು, ಅಂಗಳದಲ್ಲಿದ್ದ ನಮ್ಮನ್ನು ಅಜ್ಜಿ ಕೈಕಾಲು ತೊಳೆಯಲು ಕರೆಯುತ್ತಿದ್ದಳು. ದಿನ ಮುಗಿಯಿತು ಎಂದು ಊರಿಗೆ ಸಾರುತ್ತಿದ್ದುದು ಆ ದನಿ.

ಅಜ್ಜಿಗೆ ರಾಗದ ಹೆಸರು ಒಂದೂ ತಿಳಿಯದು. ಅವಳ ಲೆಕ್ಕದಲ್ಲಿ ಏಳಿಸುವುದು ಒಂದು, ಮಲಗಿಸುವುದು ಒಂದು, ದೇವರು ಹೊರಡುವಾಗಿನದು ಇನ್ನೊಂದು. ಜಾತ್ರೆಯ ರಾತ್ರಿ ಬಲಿ ಉತ್ಸವ ಮುಗಿದು ದೇವರು ಒಳಗಾಗುವ ಹೊತ್ತಿಗೆ ಬರುತ್ತಿದ್ದದ್ದು 'ಮಲಗಿಸುವುದು'. ಒಂದು ವರ್ಷ ಸೇರಿಗಾರರಿಗೆ ಜ್ವರವಾಗಿ ಬೇರೆ ಊರಿನವರು ಬಂದು ಅದರ ಬದಲು ಮತ್ತೇನನ್ನೋ ನುಡಿಸಿದ್ದರು. "ಇವತ್ತು ದೇವರಿಗೆ ನಿದ್ದೆ ಬಾರದು" ಎಂದು ಅಜ್ಜಿ ಮನೆಯ ದಾರಿಯುದ್ದಕ್ಕೂ ಹಲುಬಿದ್ದು ನನಗೆ ನೆನಪಿದೆ. ಎಷ್ಟೋ ವರ್ಷದ ಮೇಲೆ, ಪುತ್ತೂರಿನಲ್ಲಿ ಓದುತ್ತಿದ್ದಾಗ, ಒಂದು ಮನೆಯ ಸಂಗೀತ ಪಾಠ ಕಿವಿಗೆ ಬಿದ್ದು ದಾರಿಯಲ್ಲೇ ನಿಂತುಬಿಟ್ಟೆ. ಅದೇ 'ಮಲಗಿಸುವುದು'. ಒಳಗೆ ಹೋಗಿ ಕೇಳಿದೆ. ನೀಲಾಂಬರಿ ಎಂದರು. ಹೆಸರು ಗೊತ್ತಾಗುವ ಮೊದಲೇ ನನಗೆ ಆ ರಾಗ ಗೊತ್ತಿತ್ತು. ನಮ್ಮ ಕಡೆಯ ಸಾವಿರಾರು ಮಂದಿಗೆ ಕರ್ನಾಟಕ ಸಂಗೀತ ಸಿಕ್ಕಿದ್ದು ಹೀಗೆ. ಟಿಕೆಟು ಇಲ್ಲ, ಪಾಠ ಇಲ್ಲ, ಜಾತಿ ಕೇಳುವವರಿಲ್ಲ. ಗಾಳಿಯಲ್ಲಿ ಬಂತು, ಕಿವಿಯಲ್ಲಿ ಉಳಿಯಿತು.

ಆ ವಾಲಗ ಈಗ ಕೇಳುವುದಿಲ್ಲ. ಹಾಗೆಂದು ಸಂಗೀತವೇ ನಮ್ಮ ಸೀಮೆಯಿಂದ ಹೋಯಿತೆಂದು ನಾನು ಹೇಳಿದರೆ ಅದು ಸುಳ್ಳು. ಉಪ್ಪಿನಂಗಡಿಯ ಹತ್ತಿರದ ಕಾಂಚನದಲ್ಲಿ ವೆಂಕಟಸುಬ್ರಹ್ಮಣ್ಯಂ ಅವರು ಕಟ್ಟಿದ ಲಕ್ಷ್ಮೀನಾರಾಯಣ ಸಂಗೀತ ಶಾಲೆಯಲ್ಲಿ ಶಿಷ್ಯರು ಗುರುಮನೆಯಲ್ಲೇ ಉಂಡು, ಮಲಗಿ, ಪಾಠ ಮಾಡಿಕೊಂಡವರು. ಅಲ್ಲಿ ಪುರಂದರದಾಸರ, ತ್ಯಾಗರಾಜರ ಆರಾಧನೆ ನಡೆಯುತ್ತ ಬಂತು. ಆ ಮನೆಯ ಮೊಮ್ಮಕ್ಕಳು ಇಂದು ಕಾಂಚನ ಸಹೋದರಿಯರೆಂದು ದೊಡ್ಡ ವೇದಿಕೆಗಳಲ್ಲಿ ಹಾಡುತ್ತಾರೆ. ಮಧೂರಿನಲ್ಲಿ ಹುಟ್ಟಿ ಶಾಸ್ತ್ರೀಯ ಸಂಗೀತ ಕಲಿತು, ಕಡಬದ ಹರಿನಾರಾಯಣ ಬೈಪಾಡಿತ್ತಾಯರನ್ನು ಮದುವೆಯಾದ ಲೀಲಾವತಿ ಬೈಪಾಡಿತ್ತಾಯರು ಆ ಸಂಸ್ಕಾರವನ್ನು ತೆಂಕುತಿಟ್ಟಿನ ಭಾಗವತಿಕೆಗೆ ತಂದರು. 2024ರ ಡಿಸೆಂಬರಿನಲ್ಲಿ ಅವರು ತೀರಿಕೊಂಡಾಗ ಎಷ್ಟು ಊರುಗಳು ಮರುಗಿದವು! ಇವತ್ತು ಪುತ್ತೂರು, ಸುಳ್ಯದಲ್ಲಿ ಜೂನಿಯರ್, ಸೀನಿಯರ್ ಪರೀಕ್ಷೆಗೆ ಕೂರುವ ಮಕ್ಕಳಿದ್ದಾರೆ, ವಯೊಲಿನ್ ಇದೆ, ಮೃದಂಗ ಇದೆ. ಆದರೆ ಮಗನನ್ನು ನಾಗಸ್ವರ ಕಲಿಯಲು ಕಳಿಸುತ್ತೇನೆ ಎಂದ ಒಬ್ಬ ತಂದೆಯನ್ನೂ ನಾನು ಪುತ್ತೂರು, ಸುಳ್ಯ, ಕಡಬ ಈ ಮೂರು ತಾಲೂಕುಗಳಲ್ಲಿ ಕಂಡಿಲ್ಲ.

ಈ ವಾದ್ಯದ ಸ್ವಭಾವವೇ ಬೇರೆ. ಆಚಾ ಮರದ, ಎರಡೂವರೆ ಅಡಿಗೂ ಮೀರಿದ ಕೊಳವೆ. ಬೆರಳಾಡುವುದಕ್ಕೆ 7 ತೂತು. ಕೆಳಗಿನ 5 ಶ್ರುತಿಗೆ, ಅವನ್ನು ಮೇಣ ತುಂಬಿ ಹೊಂದಿಸಿಕೊಳ್ಳುತ್ತಾರೆ. ಒತ್ತುವ ಕೀಲಿ ಒಂದೂ ಇಲ್ಲ. ಅರ್ಧ ಸ್ವರ, ಕಾಲು ಸ್ವರ, ಜಾರು, ಕಂಪಿತ ಎಲ್ಲವೂ ತೂತನ್ನು ಎಷ್ಟು ಮುಚ್ಚಿದೆ, ತುಟಿಯನ್ನು ಎಷ್ಟು ಬಿಗಿದೆ ಎನ್ನುವುದರಲ್ಲಿ. ಬಾಯಿಗಿಡುವ ಸೀವಾಳಿ ಎಂದರೆ ಕಾವೇರಿ ದಂಡೆಯ ಜೊಂಡಿನಿಂದ ಮಾಡಿದ ಪುಟ್ಟ ಜೋಡಿ ನಾಲಗೆ. ಅದು ಒಣಗಿದರೆ ಹಾಡದು, ಹೆಚ್ಚು ನೆನೆದರೂ ಹಾಡದು. ನಮ್ಮೂರ ಸೇರಿಗಾರರು ಬಲಿಗೆ ಮುಂಚೆ ಗೋಪುರದ ಮೂಲೆಯಲ್ಲಿ ಕುಳಿತು ಅದನ್ನು ಬಾಯಲ್ಲಿಟ್ಟು ತಾಯಿ ಮಗುವಿಗೆ ತುತ್ತು ಹದ ಮಾಡುವ ಹಾಗೆ ಹದ ಮಾಡುತ್ತಿದ್ದರು. ವಾದ್ಯದ ಕೊರಳಿಗೆ ಇನ್ನೆರಡು ಸೀವಾಳಿ ದಾರದಲ್ಲಿ ತೂಗುತ್ತಿದ್ದವು. ಇದು ಬಯಲಿಗಾಗಿ ಹುಟ್ಟಿದ ವಾದ್ಯ. ಗುಡ್ಡಕ್ಕೆ ತಾಗಿ ಮರಳಿ ಬರಬೇಕು ಅದು. ಸಭಾಂಗಣದಲ್ಲಿ ಅದಕ್ಕೆ ಉಸಿರು ಕಟ್ಟುತ್ತದೆ.

ಪುತ್ತೂರಿನ ಮಹಾಲಿಂಗೇಶ್ವರನಿಗೆ ಆನೆ ಆಗದು. ಲಿಂಗವನ್ನು ಕೀಳಲು ಬಂದ ಆನೆಯ ಅಂಗಾಂಗಗಳು ಸಿಡಿದು ಬಿದ್ದವೆಂದೂ, ಕೊಂಬು ಬಿದ್ದದ್ದು ಕೊಂಬೆಟ್ಟು ಆಯಿತೆಂದೂ ಕತೆ. ಅಂದಿನಿಂದ ಅಲ್ಲಿಗೆ ಆನೆ ಬರುವುದಿಲ್ಲ. ಹೀಗಾಗಿ ಸೀಮೆಯೊಡೆಯನ ಮೆರವಣಿಗೆಯ ಗಾಂಭೀರ್ಯವನ್ನು ಹೊರಬೇಕಾದ್ದು ನಾದವೇ ಎಂದು ನನಗೆ ಯಾವಾಗಲೂ ಅನ್ನಿಸಿದೆ. ಜಾತ್ರೆಗೆ ಏಪ್ರಿಲ್ 10ಕ್ಕೆ ಕೊಡಿ ಏರಿ, 17ಕ್ಕೆ ಬ್ರಹ್ಮರಥ. ಬಲಿ ಹೊರಟ ದೇವರ ಮುಂದೆ ಉಡಿಕೆಯ ಸುತ್ತು, ಚೆಂಡೆಯ ಸುತ್ತು, ವಾದ್ಯದ ಸುತ್ತು, ಕೊನೆಗೆ ಸರ್ವವಾದ್ಯ. ನಮ್ಮ ಕಡೆಯ ದೊಡ್ಡ ದೇವಸ್ಥಾನಗಳಲ್ಲಿ ಅಷ್ಟಾವಧಾನವಾಗುವಾಗ ವೇದ, ಪುರಾಣ, ಸಂಗೀತ, ವಾದ್ಯ ಎಲ್ಲವನ್ನೂ ಹೆಸರು ಹಿಡಿದು ಕರೆದು ದೇವರಿಗೆ ಒಪ್ಪಿಸುತ್ತಾರೆ. ವೇದ ಹೇಳಿದವನ ಸೇವೆಗೂ ನಾಗಸ್ವರ ಊದಿದವನ ಸೇವೆಗೂ ಅಲ್ಲಿ ಒಂದೇ ಸ್ಥಾನ. ದೇವರ ಎದುರಿಗೆ ಇದ್ದ ಆ ಸಮಾನತೆ ಊಟದ ಪಂಕ್ತಿಯಲ್ಲಿ ಇರಲಿಲ್ಲ. ಆ ಮಾತಿಗೆ ಮತ್ತೆ ಬರುತ್ತೇನೆ.

18ರ ಸಂಜೆ ದೇವರು ಅವಭೃತಕ್ಕೆಂದು ಸುಮಾರು 13 ಕಿಲೋಮೀಟರು ದೂರದ ವೀರಮಂಗಲಕ್ಕೆ, ಕುಮಾರಧಾರೆಯ ದಂಡೆಗೆ ಹೊರಡುತ್ತಾನೆ. ದಾರಿಯುದ್ದಕ್ಕೂ ಕಟ್ಟೆಪೂಜೆ. ಹುಡುಗನಾಗಿದ್ದಾಗ ಮಾವನ ಜತೆ ಒಮ್ಮೆ ಆ ದಾರಿಯನ್ನು ಪೂರ್ತಿ ನಡೆದಿದ್ದೇನೆ. ನಡುರಾತ್ರಿ ಕಳೆದಿತ್ತು. ಒಂದು ಕಟ್ಟೆಯಲ್ಲಿ ಪೂಜೆಗೆ ಏನೋ ತಡವಾಯಿತು. ಜನ ರಸ್ತೆ ಬದಿಯಲ್ಲೇ ಕುಳಿತರು. ಆಗ ನಾಗಸ್ವರದವರೊಬ್ಬರು ಯಾರೂ ಕೇಳದೆ ಕಾಂಬೋಜಿ ಹಿಡಿದರು. ಡೋಲಿನವರು ಕೈ ಕಟ್ಟಿ ನಿಂತರು. ನಡುನಡುವೆ ಎರಡು ಪೆಟ್ಟು, ಮತ್ತೆ ಮೌನ. ಮೇಲಿನ ಷಡ್ಜಕ್ಕೆ ಹೋಗಲು ಆ ಮನುಷ್ಯ ಅವಸರ ಮಾಡಲಿಲ್ಲ. ಹತ್ತಿರ ಹೋಗುವುದು, ಇಳಿಯುವುದು, ಪಂಚಮದಲ್ಲಿ ಕೂರುವುದು, ಮತ್ತೆ ಹೋಗುವುದು. ಕೊನೆಗೆ ಮುಟ್ಟಿದಾಗ ನನ್ನ ಮಾವ, ಅಡಿಕೆ ವ್ಯಾಪಾರದ ಹೊರತು ಬೇರೆ ಮಾತೇ ಆಡದ ಮನುಷ್ಯ, ಕಣ್ಣೊರೆಸಿಕೊಂಡರು. ಪಕ್ಕದಲ್ಲಿ ಪೆಟ್ರೋಮ್ಯಾಕ್ಸ್ ಹೊತ್ತ ಆಳು ಅದನ್ನು ನೆಲಕ್ಕಿಟ್ಟು ಕೂತಿದ್ದ. ಅರ್ಧ ಗಂಟೆಗೂ ಮಿಕ್ಕಿ ನಡೆದಿರಬೇಕು. ಆಮೇಲೆ ನಾನು ಕೇಳಿದ ಯಾವ ಕಚೇರಿಯ ಕಾಂಬೋಜಿಯೂ ಆ ಕತ್ತಲಿನದಕ್ಕೆ ಸಮ ಬರಲಿಲ್ಲ.

ಏಕೆ ಹೋಯಿತು ಈ ವಾದ್ಯ? ಸುಲಭದ ಉತ್ತರ ಬಹಳ ಮಂದಿ ಹೇಳುತ್ತಾರೆ: ಸ್ಯಾಕ್ಸೋಫೋನು ಬಂತು, ನಾಗಸ್ವರ ಹೋಯಿತು. ನಾನು ಒಪ್ಪುವುದಿಲ್ಲ. ಪುತ್ತೂರಿನಲ್ಲಿ ಬಾಳಿದ ಶಿವರಾಮ ಕಾರಂತರೇ ತಮ್ಮ ಯಕ್ಷಗಾನ ಬ್ಯಾಲೆಗೆ ಪಿಟೀಲಿನ ಜತೆ ಸ್ಯಾಕ್ಸೋಫೋನು ಸೇರಿಸಿಕೊಂಡಿದ್ದರು. ಇನ್ನು ಕದ್ರಿ ಗೋಪಾಲನಾಥರು ಯಾರು? ಬಂಟ್ವಾಳದ ಸಜೀಪಮೂಡದಲ್ಲಿ 1949ರಲ್ಲಿ ಹುಟ್ಟಿದ, ನಾಗಸ್ವರ ವಿದ್ವಾಂಸ ತನಿಯಪ್ಪನವರ ಮಗ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಕಂಡ ವಾದ್ಯಕ್ಕೆ ಮರುಳಾಗಿ, ಗಮಕ ಅರಿಯದ ಆ ಲೋಹದ ಕೊಳವೆಗೆ ಗಮಕ ಕಲಿಸಲು ಸುಮಾರು ಎರಡು ದಶಕ ತೇಯ್ದವರು. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರೊಮೆನಾಡ್ ಉತ್ಸವದಲ್ಲಿ ನುಡಿಸಿದರು, 2004ರಲ್ಲಿ ಪದ್ಮಶ್ರೀ ಬಂತು, 2019ರ ಅಕ್ಟೋಬರಿನಲ್ಲಿ ಹೋದರು. ಅವರ ಸ್ಯಾಕ್ಸೋಫೋನಿನ ಒಳಗೆ ಅಪ್ಪನ ನಾಗಸ್ವರವೇ ಇತ್ತು. ಅವರ ಮೇಲೆ ಈ ಪಾಪ ಹೊರಿಸುವುದು ಅನ್ಯಾಯ.

ನಡೆದದ್ದು ಬೇರೆ. ನಾಗಸ್ವರದವನು ಮದುವೆ ಮನೆಯಲ್ಲಿ ಚಪ್ಪರದ ಮೂಲೆಯಲ್ಲಿ ನಿಲ್ಲಬೇಕಿತ್ತು. ಗಟ್ಟಿಮೇಳ ಎಂದು ಯಾರೋ ಕೂಗಿದರೆ ಹಿಡಿದ ರಾಗವನ್ನು ಅರ್ಧಕ್ಕೆ ಕತ್ತರಿಸಬೇಕಿತ್ತು. ಕೊನೆಯ ಪಂಕ್ತಿಯಲ್ಲಿ ಉಣ್ಣಬೇಕಿತ್ತು. ಅದೇ ಮನುಷ್ಯನ ಮಗ ಸ್ಯಾಕ್ಸೋಫೋನು ಹಿಡಿದಾಗ ಅವನಿಗೊಂದು ವೇದಿಕೆ ಸಿಕ್ಕಿತು, ಜಮಖಾನೆ ಸಿಕ್ಕಿತು, ಆಮಂತ್ರಣದಲ್ಲಿ ಹೆಸರಿನ ಹಿಂದೆ ವಿದ್ವಾನ್ ಎಂಬ ಶಬ್ದ ಸಿಕ್ಕಿತು. ಅವನು ವಾದ್ಯ ಬದಲಿಸಿದ್ದು ಮರ್ಯಾದೆಗಾಗಿ. ಆ ಮರ್ಯಾದೆಯನ್ನು ನಾವು ಅವನ ಅಪ್ಪನಿಗೇ ಕೊಟ್ಟಿದ್ದರೆ ಇವತ್ತು ಎರಡೂ ಉಳಿಯುತ್ತಿದ್ದವು.

ಹೊಟ್ಟೆಯ ಕಾರಣವೂ ಇದೆ. ಹಿಂದೆ ವಾಲಗದವರಿಗೆ ದೇವಸ್ಥಾನದ ಗದ್ದೆಯಿಂದ ಪಡಿ ಅಕ್ಕಿ ಸಲ್ಲುತ್ತಿತ್ತು, ಕೆಲವರಿಗೆ ಉಂಬಳಿ ಇತ್ತು. 1974ರ ಭೂಸುಧಾರಣೆಯಲ್ಲಿ ದೇವಸ್ಥಾನಗಳ ಗೇಣಿಭೂಮಿ ಒಕ್ಕಲುಗಳ ಪಾಲಾಯಿತು. ಉತ್ತವನಿಗೆ ನೆಲ ಸಿಕ್ಕಿದ್ದು ನ್ಯಾಯ. ಅದರ ಬಗ್ಗೆ ನನಗೆ ಎರಡು ಮಾತಿಲ್ಲ. ಆದರೆ ಆ ಗದ್ದೆಯ ಅಕ್ಕಿಯಲ್ಲಿ ದಿನಕ್ಕೆ ಮೂರು ಹೊತ್ತಿನ ನಾದ ಬೆಳೆಯುತ್ತಿತ್ತು ಎನ್ನುವುದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಅಕ್ಕಿ ನಿಂತ ಮೇಲೆ ಊರು ಸೇರಿ ಬೇರೆ ದಾರಿ ಹುಡುಕಬೇಕಿತ್ತು. ಹುಡುಕಲಿಲ್ಲ. ಸೇರಿಗಾರರ ಮಕ್ಕಳು ಮುಂಬಯಿಗೆ ಹೋದರು, ಕೊಲ್ಲಿ ದೇಶಕ್ಕೆ ಹೋದರು, ಓದಿ ಬ್ಯಾಂಕು ಸೇರಿದರು. ಒಳ್ಳೆಯದೇ ಆಯಿತು. ಹುಟ್ಟಿದ ಜಾತಿಗಾಗಿ ಒಬ್ಬ ಮನುಷ್ಯ ಊದುತ್ತಲೇ ಇರಬೇಕೆಂದು ಬಯಸುವ ಹಕ್ಕು ನಮಗಿಲ್ಲ. ಅವರು ಬಿಟ್ಟ ಜಾಗಕ್ಕೆ ಉಳಿದ ಜಾತಿಯ ನಾವು ಯಾರೂ ಹೋಗಲಿಲ್ಲವಲ್ಲ, ನನ್ನ ಸಂಕಟ ಅದು. ವೀಣೆಗೆ, ಪಿಟೀಲಿಗೆ ಮುಗಿಬಿದ್ದ ಮನೆಗಳು ಎಂಜಲಿನ ವಾದ್ಯವೆಂದು ನಾಗಸ್ವರವನ್ನು ಮುಟ್ಟಲಿಲ್ಲ.

ನಮ್ಮೂರ ದೇವಸ್ಥಾನಕ್ಕೆ ಈಗ ವಿದ್ಯುತ್ತಿನ ಯಂತ್ರ ಬಂದಿದೆ. ಗುಂಡಿ ಒತ್ತಿದರೆ ಸಣ್ಣ ನಗಾರಿ, ಜಾಗಟೆ, ಗಂಟೆ ಒಟ್ಟಿಗೆ ಬಡಿಯುತ್ತವೆ. ಆ ಯಂತ್ರಕ್ಕೆ ಹೊತ್ತು ತಿಳಿಯದು. ಬೆಳಗ್ಗೆಯೂ ಅದೇ, ರಾತ್ರಿ ದೇವರನ್ನು ಮಲಗಿಸುವಾಗಲೂ ಅದೇ. ಜಾತ್ರೆಗೆ ನಾಸಿಕ್ ಬ್ಯಾಂಡ್ ಬರುತ್ತದೆ, ಹುಡುಗರು ಕುಣಿಯುತ್ತಾರೆ. ಕುಣಿಯಲಿ. ವಾದ್ಯದ ಸುತ್ತಿಗೆ ಎಲ್ಲಿಂದಲೋ ಹೇಳಿ ಕರೆಸಿದವರು ಬರುತ್ತಾರೆ, ಹತ್ತು ನಿಮಿಷದಲ್ಲಿ ಎರಡು ದೇವರನಾಮ ನುಡಿಸಿ ಮುಗಿಸುತ್ತಾರೆ. ಅವರದು ತಪ್ಪಲ್ಲ, ಆ ರಾತ್ರಿ ಅವರಿಗೆ ಇನ್ನೆರಡು ಕಡೆ ಹೋಗಬೇಕು. ಆಲಾಪನೆಗೆ ಬೇಕಾದ್ದು ಸಮಯ. ಕಟ್ಟೆಯಲ್ಲಿ ಕುಳಿತು ಕಾಯುವ ಜನ ಇದ್ದಾಗ ಕಾಂಬೋಜಿ ಇತ್ತು.

ಕೆಲವು ವರ್ಷದ ಹಿಂದೆ ನಮ್ಮೂರ ಸೇರಿಗಾರರನ್ನು ಕಾಣಲು ಅವರ ಮನೆಗೆ ಹೋದೆ. ಎಂಬತ್ತು ದಾಟಿತ್ತು. ಅಟ್ಟದಿಂದ ಕೆಂಪು ಬಟ್ಟೆಯ ಚೀಲ ಇಳಿಸಿ ನಾಗಸ್ವರ ತೆಗೆದರು. ಕೊರಳಲ್ಲಿ ತೂಗುತ್ತಿದ್ದ ಸೀವಾಳಿಗಳು ಒಣಗಿ ಸೀಳಿದ್ದವು. ಒಂದನ್ನು ಬಾಯಲ್ಲಿಟ್ಟು ಬಹಳ ಹೊತ್ತು ನೆನೆಸಿದರು. ಮುಂದಿನ ಹಲ್ಲುಗಳು ಹೋಗಿದ್ದವು, ತುಟಿ ನಿಲ್ಲಲಿಲ್ಲ, ಬರಿಯ ಗಾಳಿ ಬಂತು. ಅವರು ಬೇಸರ ಮಾಡಿಕೊಳ್ಳಲಿಲ್ಲ. ವಾದ್ಯವನ್ನು ಮಡಿಲಲ್ಲಿಟ್ಟು, ತೂತುಗಳ ಮೇಲೆ ಬೆರಳಾಡಿಸುತ್ತ, ಬಾಯಲ್ಲೇ ಸ್ವರ ಹಾಡಿದರು. ನೀಲಾಂಬರಿ. ದನಿ ನಡುಗುತ್ತಿತ್ತು, ಬೆರಳು ನಡುಗಲಿಲ್ಲ. ನಿಮ್ಮ ಅಜ್ಜಿ ಇದಕ್ಕೆ ಕಾಯುತ್ತಿದ್ದರು, ನನಗೆ ಗೊತ್ತಿತ್ತು ಎಂದರು. ತೋಡಿನಾಚೆಯ ಜಗಲಿಯಲ್ಲಿ ಯಾರು ಕೇಳುತ್ತಿದ್ದಾರೆಂದು ಊದುವವರಿಗೆ ತಿಳಿದಿತ್ತು! ಆ ಮಳೆಗಾಲದಲ್ಲಿ ಅವರು ತೀರಿಕೊಂಡರು. ವಾದ್ಯ ಅದೇ ಅಟ್ಟದಲ್ಲಿದೆ.

ಪುತ್ತೂರು, ಸುಳ್ಯ, ಕಡಬದ ನನ್ನ ಜನರಲ್ಲಿ ಒಂದು ಬೇಡಿಕೆ. ಮನೆಯಲ್ಲಿ ಮದುವೆ ಇದ್ದರೆ ನಾಗಸ್ವರದವರನ್ನು ಹುಡುಕಿ ಕರೆಯಿರಿ. ಮೂಡುಬಿದಿರೆಯಿಂದಲೋ ಕಾಸರಗೋಡಿನಿಂದಲೋ ಬರುವುದಾದರೂ ಸರಿ. ಅವರಿಗೆ ಕೂರಲು ಎತ್ತರದ ಜಾಗ ಕೊಡಿ, ಮೊದಲ ಪಂಕ್ತಿಯಲ್ಲಿ ಬಡಿಸಿ, ದಿಬ್ಬಣ ಬರುವ ಮುಂಚೆ ಅರ್ಧ ಗಂಟೆ ಯಾವುದಾದರೂ ಒಂದು ರಾಗ ನುಡಿಸಲು ಬಿಡಿ. ಆ ಅರ್ಧ ಗಂಟೆ ಅಂಗಳದಲ್ಲಿ ಮೈಕು ಹಚ್ಚಬೇಡಿ. ತೋಟದ ಆಚೆ ಯಾರಾದರೂ ಕೇಳುತ್ತಿರುತ್ತಾರೆ.