ಆನೆ ಕಾಸಿನ ಅಚ್ಚು

ಹಳೆಯ ತಾಮ್ರದ ಕಾಸು ನೋಡಲು ಬೆಳಗಿನ ಓರೆ ಬಿಸಿಲೇ ಚೆಂದ. ನಡುಹಗಲ ಬೆಳಕಿನಲ್ಲಿ ಉಬ್ಬು ತಗ್ಗೆಲ್ಲ ಒಂದಾಗಿಬಿಡುತ್ತದೆ. ಹುಲಗೋಳದ ನಮ್ಮ ಜಗಲಿಗೆ ಅಡಿಕೆ ತೋಟದ ಕಡೆಯಿಂದ ಬಿಸಿಲು ಅಡ್ಡ ಬೀಳುವಾಗ, ಟಿಪ್ಪುವಿನ ಕಾಲದ ಆನೆ ಕಾಸುಗಳನ್ನು ಬಿಳಿ ಬಟ್ಟೆಯ ಮೇಲೆ ಹರವಿ ಭೂತಗನ್ನಡಿ ಹಿಡಿದು ಕೂತರೆ ನನಗೆ ಆಸರಿ ಕುಡಿಯುವುದೂ ಮರೆತುಹೋಗುತ್ತದೆ.

“ಎಲ್ಲಾ ಒಂದೇ ಆನೆ ಅಲ್ದನ ತಮಾ?” ಎಂದು ಅಪ್ಪಚ್ಚಿ ಕೇಳುತ್ತಾರೆ. ಒಂದೇ ಅಲ್ಲ. ಸುಖವಿರುವುದೇ ಅಲ್ಲಿ.

1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದು ಹೈದರನಗರವೆಂದು ಹೆಸರಿಟ್ಟ. ನಮ್ಮ ಸೋದೆಯ ಅರಸರ ಸೀಮೆಯೂ ಅವನ ಕೈಸೇರಿತು. ಹೈದರನ ಕೊನೆಗಾಲದಲ್ಲಿ ತಾಮ್ರದ ಕಾಸಿನ ಮೇಲೆ ಕಾಣಿಸಿಕೊಂಡ ಆನೆ ಟಿಪ್ಪುವಿನ ಕಾಲದಲ್ಲಿ ಪಟ್ಟಣ (ಶ್ರೀರಂಗಪಟ್ಟಣ), ನಗರ (ಅದೇ ಬಿದನೂರು), ಬೆಂಗಳೂರು ಮುಂತಾದ ಟಂಕಸಾಲೆಗಳಲ್ಲೆಲ್ಲ ನಡೆದಾಡಿತು. ಒಂದು ಮಗ್ಗುಲಲ್ಲಿ ಆನೆ, ಇನ್ನೊಂದರಲ್ಲಿ ಪಾರಸಿ ಅಕ್ಷರದಲ್ಲಿ ಟಂಕಸಾಲೆಯ ಹೆಸರು. ಮುಂದೆ ಕಾಸುಗಳಿಗೆ ಆಕಾಶದ ಹೆಸರುಗಳೂ ಬಂದವು: ಪೈಸೆಗೆ ಜೊಹ್ರಾ ಅಂದರೆ ಶುಕ್ರ, ಅರ್ಧ ಪೈಸೆಗೆ ಬಹ್ರಾಮ್ ಅಂದರೆ ಮಂಗಳ, ಎಲ್ಲಕ್ಕಿಂತ ಚಿಕ್ಕದಕ್ಕೆ ಕುತ್ಬ್, ಧ್ರುವತಾರೆ. 1787ರ ಸುಮಾರಿಗೆ ಟಿಪ್ಪು ಮೌಲೂದಿ ಎಂಬ ಹೊಸ ಶಕೆಯನ್ನು ತಂದು ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸಿದ. ಆನೆಯ ಮೇಲಿರುವ 1215ನ್ನು ಓದಬೇಕಾದರೆ ಬಲತುದಿಯಿಂದಲೇ ಶುರುಮಾಡಬೇಕು.

ಆಗ ಅಚ್ಚನ್ನು ಕೈಯಲ್ಲೇ ಕೊರೆಯುತ್ತಿದ್ದರು. ಕೆಳಗೊಂದು ಅಚ್ಚು, ಮೇಲೊಂದು ಅಚ್ಚು, ನಡುವೆ ತಾಮ್ರದ ಬಿಲ್ಲೆ, ಮೇಲಿಂದ ಸುತ್ತಿಗೆಯ ಏಟು. ಏಟು ತಿಂದು ತಿಂದು ಅಚ್ಚು ಸವೆದರೆ, ಒಡೆದರೆ, ಇನ್ನೊಂದನ್ನು ಮೊದಲಿನಿಂದ ಕೊರೆಯಬೇಕು. ಆಗ ಆನೆಯೂ ಹೊಸದಾಗಿ ಹುಟ್ಟುತ್ತದೆ.

ನನ್ನ ಬಳಿ ನಗರದಲ್ಲಿ ಟಂಕಿಸಿದ ಒಂದೇ ವರ್ಷದ ಕಾಸುಗಳಿವೆ. ಒಂದರಲ್ಲಿ ಆನೆಯ ಬಾಲ ಸುತ್ತಲಿನ ಚುಕ್ಕಿ ಬಳೆಯನ್ನು ಮುಟ್ಟಿದೆ. ಮತ್ತೊಂದರಲ್ಲಿ ಮುಟ್ಟದೆ ಒಳಗೇ ಮಡಿಸಿಕೊಂಡಿದೆ. ಅಲ್ಲಿಗೆ ಅಚ್ಚು ಬೇರೆ. ಮೂರನೆಯದರ ಬಾಲ ಮೊದಲಿನದರಂತೆಯೇ ಇದ್ದರೂ ಹಿಂಗಾಲಿನಿಂದ ಅಂಚಿನವರೆಗೆ ಕೂದಲೆಳೆಯಷ್ಟು ತೆಳುವಾದ ಉಬ್ಬುಗೆರೆ ಎದ್ದಿದೆ. ಅದು ಅಚ್ಚು ಬಿರಿದ ಗುರುತು. ಬಿರುಕಿನೊಳಗೆ ತಾಮ್ರ ನುಗ್ಗಿ ಕಾಸಿನ ಮೇಲೆ ಗೆರೆಯಾಗುತ್ತದೆ. ಹಾಗಾಗಿ ಒಂದೇ ಅಚ್ಚಿನ ಈ ಎರಡರಲ್ಲಿ ಗೆರೆಯಿಲ್ಲದ ಕಾಸು ಮೊದಲು ಹುಟ್ಟಿದ್ದು, ಗೆರೆಯದು ಆಮೇಲಿನದು ಎಂದು ಧೈರ್ಯವಾಗಿ ಹೇಳಬಹುದು. ಬಿಲ್ಲೆ ಸರಿದು ಚಿತ್ರ ಓರೆಯಾದದ್ದು, ಬಳಕೆಯಲ್ಲಿ ಸವೆದದ್ದು ಇವೆಲ್ಲ ಲೆಕ್ಕಕ್ಕಿಲ್ಲ. ಅಂಕಿಗೂ ಸೊಂಡಿಲಿಗೂ ನಡುವಿನ ಅಂತರದಂಥ, ಉಳಿ ಬಿಟ್ಟ ಗುರುತನ್ನೇ ನಂಬಬೇಕು.

ಇದೇ ಕಾಲಕ್ಕೆ ಅಮೆರಿಕದ ಫಿಲಡೆಲ್ಫಿಯಾದಲ್ಲೂ ಅಚ್ಚು ಕೊರೆಯುವವರು ಹೀಗೆಯೇ ತಾಮ್ರದ ಕಾಸಿಗೆ ದುಡಿಯುತ್ತಿದ್ದರು. 1793ರ, ಸರಪಳಿಯ ಚಿತ್ರವಿರುವ ಸೆಂಟ್‌ನ ಒಂದು ಅಚ್ಚಿನಲ್ಲಿ ದೇಶದ ಹೆಸರೇ ಪೂರ್ತಿಯಾಗದೆ ‘ಅಮೆರಿ’ಗೆ ನಿಂತಿತು. ಆ ಕಾಲದ ಸೆಂಟ್‌ಗಳ ಅಚ್ಚುಗಳನ್ನು ವಿಲಿಯಂ ಶೆಲ್ಡನ್ ಎಂಬಾತ 1949ರಲ್ಲಿ ಒಂದೊಂದಾಗಿ ಎಣಿಸಿ ಪುಸ್ತಕ ಮಾಡಿದ. ಅಲ್ಲಿನ ಸಂಗ್ರಾಹಕರು ಇಂದಿಗೂ ಅವನು ಕೊಟ್ಟ ಸಂಖ್ಯೆಯಿಂದಲೇ ಕಾಸನ್ನು ಕರೆಯುತ್ತಾರೆ. ನಮ್ಮ ಆನೆಗಳ ಬಗ್ಗೆ ಹೆಂಡರ್ಸನ್ ಎಂಬಾತ 1921ರಲ್ಲೇ ಬರೆದ. ಆದರೂ ಅಚ್ಚಿಗೆ ಅಚ್ಚು ಹೋಲಿಸಿ ನೋಡುವ ಕೆಲಸ ಬೇಕಾದಷ್ಟಿದೆ.

ಈ ತಾಮ್ರದ ಕಾಸಿನ ಮೇಲೆ ಟಿಪ್ಪುವಿನ ಹೆಸರಿಲ್ಲ, ಕೊರೆದವನ ಹೆಸರಂತೂ ಇಲ್ಲವೇ ಇಲ್ಲ. ಆದರೆ ಬಾಲವನ್ನು ಎಲ್ಲಿ ಮಡಿಸಬೇಕೆಂದು ನಿರ್ಧರಿಸಿದ ಕೈ ಅಲ್ಲಿದೆ. ಅರಸರ ಚರಿತ್ರೆ ಬರೆಯಲು ಬಖೈರುಗಳಿವೆ, ಶಾಸನಗಳಿವೆ. ಆ ಕಸುಬುದಾರನಿಗೆ ಇರುವ ದಾಖಲೆ ಇದೊಂದೇ.

ಅದಕ್ಕೇ ಶಿರಸಿ, ಸಿದ್ದಾಪುರ, ಯಲ್ಲಾಪುರದ ಮನೆಗಳವರಲ್ಲಿ ನನ್ನ ಕೇಳಿಕೆ: ದೇವರ ಪೆಟ್ಟಿಗೆಯಲ್ಲಿ ಆನೆ ಕಾಸಿದ್ದರೆ ಹಬ್ಬಕ್ಕೆಂದು ತಂಬಿಗೆಯ ಜೊತೆ ಹುಣಸೆಹುಳಿ ಹಾಕಿ ತಿಕ್ಕಬೇಡಿ. ಹೊಳಪು ಬರುತ್ತದೆ, ಉಳಿಯ ಗುರುತು ಹೋಗುತ್ತದೆ. ಎರಡೂ ಮಗ್ಗುಲಿನ ಚಿತ್ರ ತೆಗೆದು, ತೂಕ ಬರೆದು, ಯಾರ ಕಾಲದಿಂದ ಮನೆಯಲ್ಲಿದೆ ಎಂಬುದನ್ನೂ ಜೊತೆಗೆ ಬರೆದಿಡಿ.